ಐನೂರು ಡಾಲರ್, ಐನೂರು ರೂಪಾಯಿ

ಎರಡನೇ ತರಗತಿಯ ಮಕ್ಕಳಿಗೆ ಮೊಟ್ಟೆಯೊಡೆದು ಮರಿ ಹೊರಬರುವುದನ್ನು ತೋರಿಸಬೇಕು, ಅದಕ್ಕೊಂದು ಕಾವುಪೆಟ್ಟಿಗೆ ಬೇಕು. ಆರನೇ ತರಗತಿಗೆ ಒಂದೇ ಕಾದಂಬರಿಯ ಮೂವತ್ತು ಪ್ರತಿ ಬೇಕು. ಊರ ಹೊರಗಿನ ಹೊಳೆಯ ನೀರು ಪರೀಕ್ಷಿಸಲು ಒಂದಷ್ಟು ಸಾಮಾನು ಬೇಕು, ಹೊಳೆಗೆ ಹೋಗಿಬರಲು ಬಸ್ಸಿನ ಬಾಡಿಗೆಯೂ ಬೇಕು. ಸಂಗೀತದ ಮೇಷ್ಟ್ರಿಗೆ ಇಪ್ಪತ್ತು ಉಕುಲೇಲೆ ಬೇಕು. ಅಮೆರಿಕದ ಸರ್ಕಾರಿ ಶಾಲೆಗಳ ಶಿಕ್ಷಕರು ವರ್ಷವರ್ಷವೂ ಬರೆಯುವ ಅರ್ಜಿಗಳಲ್ಲಿ ಇಂಥ ಬೇಡಿಕೆಗಳಿರುತ್ತವೆ. ಅರ್ಜಿ ಹೋಗುವುದು ಸರ್ಕಾರಕ್ಕಲ್ಲ, ಶಾಲೆ ನಡೆಸುವ ಮಂಡಳಿಗೂ ಅಲ್ಲ. ಅದೇ ಊರಿನ ಒಂದಷ್ಟು ಜನ ಸೇರಿ ಕಟ್ಟಿಕೊಂಡ ಶಿಕ್ಷಣ ಪ್ರತಿಷ್ಠಾನ ಎಂಬ ಪುಟ್ಟ ಸಂಸ್ಥೆಗೆ. ಕೇಳುವ ಮೊತ್ತವೂ ಪುಟ್ಟದೇ. ಐನೂರು ಡಾಲರ್, ಸಾವಿರ ಡಾಲರ್, ಹೆಚ್ಚೆಂದರೆ ಅದರ ಎರಡು ಮೂರು ಪಟ್ಟು.

ವಿಮಾನವಾಹಕ ನೌಕೆಗಳ ಸಾಲನ್ನೇ ಸಾಕುವ ದೇಶದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡಲು ಟೀಚರ್ ಒಬ್ಬರು ಅರ್ಜಿ ಗುಜರಾಯಿಸಬೇಕೆ ಎಂದು ನಮಗೆ ಅನ್ನಿಸುವುದು ಸಹಜ. ಹಾಗೆಂದು ಅಲ್ಲಿನ ಶಾಲೆಗಳಲ್ಲಿ ದುಡ್ಡಿಲ್ಲವೆಂದಲ್ಲ. ಒಬ್ಬ ವಿದ್ಯಾರ್ಥಿಯ ಮೇಲೆ ವರ್ಷಕ್ಕೆ ಸರಾಸರಿ 15 ಸಾವಿರ ಡಾಲರಿಗೂ ಹೆಚ್ಚು ಖರ್ಚಾಗುತ್ತದೆ. ಆದರೆ ದೈನಂದಿನ ಖರ್ಚಿನ ಸುಮಾರು ಶೇ 80ರಷ್ಟು ಸಂಬಳ, ಪಿಂಚಣಿ, ಆರೋಗ್ಯ ವಿಮೆಗೇ ಹೋಗುತ್ತದೆ. ಉಳಿದದ್ದರಲ್ಲಿ ಹಳದಿ ಬಸ್ಸು ಓಡಬೇಕು, ಚಳಿಗಾಲದಲ್ಲಿ ಕಟ್ಟಡ ಬೆಚ್ಚಗಿರಬೇಕು, ಸೋರುವ ಚಾವಣಿ ರಿಪೇರಿಯಾಗಬೇಕು. ಇಷ್ಟೆಲ್ಲ ಮುಗಿಸಿ ತರಗತಿಯ ಬಾಗಿಲಿಗೆ ಬರುವಷ್ಟರಲ್ಲಿ ಹಣ ಬಸವಳಿದಿರುತ್ತದೆ. ಬಜೆಟ್ಟಿಗೆ ಕತ್ತರಿ ಬಿದ್ದ ವರ್ಷವಂತೂ ಸಂಬಳ ಮುಟ್ಟುವಂತಿಲ್ಲ, ಬಾಯ್ಲರ್ ಆರಿಸುವಂತಿಲ್ಲ. ಮೊದಲು ಹೋಗುವುದು ಹೊರಸಂಚಾರ, ಗ್ರಂಥಾಲಯ, ಸಂಗೀತ, ಚಿತ್ರಕಲೆ.

ಆಗ ಟೀಚರ್ ಏನು ಮಾಡುತ್ತಾರೆ? ತಮ್ಮ ಪರ್ಸು ತೆಗೆಯುತ್ತಾರೆ. 2014-15ರ ಶಾಲಾ ವರ್ಷದ ಬಗ್ಗೆ ಅಮೆರಿಕದ ಶಿಕ್ಷಣ ಅಂಕಿಅಂಶ ಕೇಂದ್ರ ನಡೆಸಿದ ಸಮೀಕ್ಷೆಯ ಪ್ರಕಾರ ಸರ್ಕಾರಿ ಶಾಲೆಗಳ ಶೇ 94ರಷ್ಟು ಶಿಕ್ಷಕರು ತರಗತಿಗಾಗಿ ಸ್ವಂತ ಹಣ ಸುರಿದಿದ್ದರು, ಸರಾಸರಿ 479 ಡಾಲರ್. ಅಲ್ಲಿನ ಸರ್ಕಾರಕ್ಕೂ ಇದು ಗೊತ್ತಿಲ್ಲದ್ದೇನಲ್ಲ. 2002ರಿಂದ ಆದಾಯ ತೆರಿಗೆಯಲ್ಲಿ ಇದಕ್ಕೆಂದೇ 250 ಡಾಲರ್‌ವರೆಗೆ ವಿನಾಯಿತಿ ಇತ್ತು, 2022ರಲ್ಲಿ ಅದು 300 ಆಯಿತು. ಬಳಪ, ಪೆನ್ಸಿಲ್ಲನ್ನು ಟೀಚರೇ ಕೊಳ್ಳುತ್ತಾರೆ ಎನ್ನುವುದನ್ನು ತೆರಿಗೆ ಕಾನೂನೇ ಒಪ್ಪಿಕೊಂಡಂತಾಯಿತು. ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಈ ಭಾಗ್ಯವೂ ಇಲ್ಲ. ಅವರ ಜೇಬಿನಿಂದ ಹೋದದ್ದು ಹೋಯಿತು.

ಪ್ರತಿಷ್ಠಾನಗಳ ಅನುದಾನ ಬಂದು ಕೂರುವುದು ಈ ಸಂದಿಯಲ್ಲಿ. ಆದರೆ ಅವು ಹುಟ್ಟಿದ ಕಥೆಯನ್ನು ಹೇಳದೆ ಅವುಗಳ ಗುಣವನ್ನೂ ಹೇಳಲಾಗದು, ದೋಷವನ್ನೂ ಹೇಳಲಾಗದು.

ನಮ್ಮಲ್ಲಿ ಸರ್ಕಾರಿ ಶಾಲೆ ಎಂದರೆ ಬೆಂಗಳೂರಿನಿಂದ ಹೊರಟ ಸುತ್ತೋಲೆ ಡಿಡಿಪಿಐ, ಬಿಇಒ, ಸಿಆರ್‌ಪಿ ಎಂಬ ಅಧಿಕಾರಿಗಳ ಮೆಟ್ಟಿಲಿಳಿದು ಹಳ್ಳಿ ಮುಟ್ಟುವ ವ್ಯವಸ್ಥೆ. ಬೀದರಿನ ಮೇಷ್ಟ್ರಿಗೂ ಕೊಡಗಿನ ಮೇಷ್ಟ್ರಿಗೂ ಒಂದೇ ವೇತನ ಶ್ರೇಣಿ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಸುಮಾರು 13 ಸಾವಿರ ಶಾಲಾ ಜಿಲ್ಲೆಗಳಿವೆ. ಒಂದೊಂದಕ್ಕೂ ಸಾಮಾನ್ಯವಾಗಿ ಜನರೇ ಆರಿಸಿದ ಒಂದು ಮಂಡಳಿ, ಅದಕ್ಕೊಂದು ಬಜೆಟ್, ಆ ಬಜೆಟ್ಟಿಗೆ ಒಂದು ದೊಡ್ಡ ಆಸರೆ ಅದೇ ಊರಿನ ಮನೆ-ಜಮೀನುಗಳ ಮೇಲಿನ ಆಸ್ತಿ ತೆರಿಗೆ. ಊರಿನ ಮನೆಗಳು ದುಬಾರಿಯಾದಷ್ಟೂ ಶಾಲೆ ಸಮೃದ್ಧ, ಮನೆಗಳು ಅಗ್ಗವಾದಷ್ಟೂ ಶಾಲೆ ಬಡವ.

ಈ ಲೆಕ್ಕ ಎಷ್ಟು ಕ್ರೂರವಾಗಿತ್ತು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಒಂದು ಮೊಕದ್ದಮೆಯ ಕಡತವೇ ಸಾಕ್ಷಿ. ಲಾಸ್ ಏಂಜಲೀಸ್ ಪ್ರದೇಶದ ಜಾನ್ ಸೆರಾನೊ ಎಂಬ ತಂದೆ ಮತ್ತು ಇತರ ಪೋಷಕರು ರಾಜ್ಯದ ಮೇಲೆ ಹೂಡಿದ ದಾವೆ ಅದು. 1968-69ರಲ್ಲಿ ಸಿನಿಮಾ ತಾರೆಯರ ಊರಾದ ಬೆವರ್ಲಿ ಹಿಲ್ಸ್ ತನ್ನ ಪ್ರತಿ ವಿದ್ಯಾರ್ಥಿಗೆ 1,232 ಡಾಲರ್ ಖರ್ಚು ಮಾಡುತ್ತಿತ್ತು. ಅಲ್ಲಿಂದ ಹೆಚ್ಚು ದೂರವಿಲ್ಲದ, ದುಡಿಯುವ ಜನರ ಬಾಲ್ಡ್‌ವಿನ್ ಪಾರ್ಕ್ ಮಾಡುತ್ತಿದ್ದುದು 577 ಡಾಲರ್. ಬಾಲ್ಡ್‌ವಿನ್ ಪಾರ್ಕಿನವರು ಜುಗ್ಗರಾಗಿದ್ದರೆ? ಅದೂ ಅಲ್ಲ. ಅವರು ನೂರು ಡಾಲರ್ ಆಸ್ತಿ ಮೌಲ್ಯಕ್ಕೆ 5.48 ಡಾಲರ್ ಶಾಲಾ ತೆರಿಗೆ ಕಟ್ಟುತ್ತಿದ್ದರು; ಬೆವರ್ಲಿ ಹಿಲ್ಸ್‌ನವರು 2.38 ಡಾಲರ್. ಎರಡು ಪಟ್ಟಿಗೂ ಮಿಕ್ಕ ದರದಲ್ಲಿ ತೆರಿಗೆ ತೆತ್ತು, ಅರ್ಧಕ್ಕಿಂತ ಕಡಿಮೆ ಪಡೆಯುತ್ತಿದ್ದರು ಬಡವರು. ಒಬ್ಬ ವಿದ್ಯಾರ್ಥಿಯ ಲೆಕ್ಕಕ್ಕೆ ಬರುವ ಆಸ್ತಿ ಒಂದು ಕಡೆ ಐವತ್ತು ಸಾವಿರ ಡಾಲರಿಗೆ ಮೇಲಿದ್ದರೆ, ಇನ್ನೊಂದು ಕಡೆ ನಾಲ್ಕು ಸಾವಿರವೂ ಇರಲಿಲ್ಲ.

1971ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸೆರಾನೊ ಪರವಾಗಿ ನಿಂತಿತು. ನೆರೆಹೊರೆಯವರ ಸಿರಿತನದ ಮೇಲೆ ಮಗುವಿನ ಶಿಕ್ಷಣ ನಿಂತಿರಬಾರದು ಎಂಬುದು ತೀರ್ಪಿನ ತಿರುಳು. 1976ರ ಎರಡನೇ ತೀರ್ಪು ಇನ್ನೂ ಬಿಗಿಯಾಗಿ ಹಿಡಿಯಿತು. ಸಂಪತ್ತಿನ ಕಾರಣದಿಂದ ಜಿಲ್ಲೆ ಜಿಲ್ಲೆಗಳ ನಡುವೆ ಇರುವ ಅಂತರ ಪ್ರತಿ ವಿದ್ಯಾರ್ಥಿಗೆ ನೂರು ಡಾಲರಿನೊಳಗೆ ಬರಬೇಕೆಂದಿತು. (ಟೆಕ್ಸಾಸಿನಿಂದ ಇಂಥದೇ ಪ್ರಕರಣ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋದಾಗ, 1973ರಲ್ಲಿ, ಐದು-ನಾಲ್ಕರ ಬಹುಮತದಲ್ಲಿ ಅದು ಬಿದ್ದುಹೋಯಿತು. ಶಿಕ್ಷಣ ಅಮೆರಿಕದ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ ಎಂದರು ನ್ಯಾಯಮೂರ್ತಿಗಳು. ಆ ಮಟ್ಟಿಗೆ ನಮ್ಮ 21ಎ ವಿಧಿ ಕಾಗದದ ಮೇಲಾದರೂ ಮುಂದಿದೆ.) ಅಷ್ಟರಲ್ಲಿ 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಸ್ತಾವ 13 ಎಂಬ ಪ್ರಸಿದ್ಧ ಜನಮತಕ್ಕೆ ಮುದ್ರೆಯೊತ್ತಿ ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿದರು. ತಮ್ಮ ತೆರಿಗೆ ತಮ್ಮ ಊರ ಶಾಲೆಗೇ ಬರುವುದಿಲ್ಲ ಎಂದಮೇಲೆ ತೆರಿಗೆಯೇ ಏಕೆ ಎಂದು ಜನ ತಿರುಗಿಬಿದ್ದರು, ಹೀಗಾಗಿ ಸೆರಾನೊ ತೀರ್ಪೇ ಈ ಜನಮತವನ್ನು ಹುಟ್ಟಿಸಿತು ಎಂದು ವಾದಿಸಿದ ವಿಲಿಯಂ ಫಿಷೆಲ್‌ರಂಥ ಅರ್ಥಶಾಸ್ತ್ರಜ್ಞರೂ ಇದ್ದಾರೆ.

ಒಟ್ಟಿನಲ್ಲಿ ಸಿರಿವಂತ ಊರುಗಳ ಕೈ ಕಟ್ಟಿಹೋಯಿತು. ಹೆಚ್ಚು ತೆರಿಗೆ ಹಾಕಿಕೊಂಡು ತಮ್ಮ ಶಾಲೆಯನ್ನು ಮೇಲೆತ್ತುವ ದಾರಿ ಬಹುಮಟ್ಟಿಗೆ ಮುಚ್ಚಿತು. ತೆರಿಗೆಯ ದಾರಿ ಮುಚ್ಚಿದರೇನು, ದಾನದ ದಾರಿ ತೆರೆದೇ ಇತ್ತಲ್ಲ. ಪೋಷಕರು ಪ್ರತಿಷ್ಠಾನ ಕಟ್ಟಿ ಕೊಡುಗೆ ಎತ್ತತೊಡಗಿದರು. ಕ್ಯಾಲಿಫೋರ್ನಿಯಾದ ನೂರಾರು ಊರುಗಳಲ್ಲಿ ಇಂಥ ಸಂಸ್ಥೆಗಳು ಎದ್ದುನಿಂತದ್ದು ಆ ಬಳಿಕ.

ಇದು ಒಂದು ಬೇರು. ಇನ್ನೊಂದು ಬೇರು ತದ್ವಿರುದ್ಧವಾದ ಮಣ್ಣಿನಲ್ಲಿತ್ತು. 1970ರ ದಶಕದ ಕೊನೆಗೆ ಉಕ್ಕಿನ ಕಾರ್ಖಾನೆಗಳ ಪಿಟ್ಸ್‌ಬರ್ಗ್‌ನಂಥ ನಗರಗಳಲ್ಲಿ ಉಳ್ಳವರು ಹೊರವಲಯಕ್ಕೆ ಗುಳೆ ಹೋಗಿ, ನಗರದ ಶಾಲೆಗಳಲ್ಲಿ ಉಳಿದವರು ಹೆಚ್ಚಾಗಿ ಬಡವರ ಮತ್ತು ಕಪ್ಪು ಜನರ ಮಕ್ಕಳು. ಅಲ್ಲಿನ ಉದ್ಯಮಿಗಳು, ನಾಗರಿಕ ಮುಖಂಡರು ಶಾಲೆಗಳ ಜತೆ ಮತ್ತೆ ಸಂಬಂಧ ಬೆಳೆಸಲು ಹುಡುಕಿದ ಉಪಾಯ ಸರಳವಾಗಿತ್ತು. ಶಿಕ್ಷಕರಿಗೆ ನೇರವಾಗಿ ಕೆಲವು ನೂರು ಡಾಲರಿನ ಕಿರು ಅನುದಾನ ಕೊಡುವುದು. 1979ರಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೊ ಎಜುಕೇಷನ್ ಫಂಡ್ ಕೂಡ ಇದೇ ದಾರಿ ಹಿಡಿಯಿತು. ಪಿಟ್ಸ್‌ಬರ್ಗ್‌ನ ಅನುಭವ ಕಂಡ ಫೋರ್ಡ್ ಫೌಂಡೇಷನ್ 1983ರಲ್ಲಿ ಹಣ ಕೊಟ್ಟು, ಬೇರೆ ಬೇರೆ ನಗರಗಳಲ್ಲಿ ಇಂಥ ಸ್ಥಳೀಯ ನಿಧಿಗಳು ತಲೆಯೆತ್ತಲು ನೆರವಾಯಿತು.

ಹೀಗೆ ಒಂದೇ ಹೆಸರಿನಲ್ಲಿ ಎರಡು ಕುಲ ಬೆಳೆದವು. ತಮ್ಮ ಮಕ್ಕಳ ಶಾಲೆ ಕೆಳಗಿಳಿಯಬಾರದು ಎಂದು ಸಿರಿವಂತರು ಕಟ್ಟಿಕೊಂಡ ಕುಲ ಒಂದು. ಬೇರೆಯವರ ಮಕ್ಕಳ ಶಾಲೆ ಮೇಲೇಳಲಿ ಎಂದು ಊರು ಕಟ್ಟಿದ ಕುಲ ಇನ್ನೊಂದು. ಇಂಡಿಯಾನಾ ವಿಶ್ವವಿದ್ಯಾಲಯದ ಬೆತ್ ಗ್ಯಾಜ್ಲಿ ಮತ್ತು ಆಶ್ಲಿನ್ ನೆಲ್ಸನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರ್ಕಾರಿ ಶಾಲೆಗಳಿಗೆಂದೇ ದುಡ್ಡು ಕೂಡಿಸುವ ಇಂಥ ಲಾಭರಹಿತ ಸಂಸ್ಥೆಗಳ ಸಂಖ್ಯೆ 1995ರಿಂದ 2010ರೊಳಗೆ ಮೂರು ಪಟ್ಟಿಗೂ ಹೆಚ್ಚಾಯಿತು. ಎರಡೂ ಕುಲದವರು ಅದರಲ್ಲಿದ್ದಾರೆ.

ಇನ್ನು ಅನುದಾನದ ನಡೆ. ಶಾಲೆ ಶುರುವಾದ ಕೆಲವು ವಾರಕ್ಕೆ ಪ್ರತಿಷ್ಠಾನ ಅರ್ಜಿ ಕರೆಯುತ್ತದೆ. ಅರ್ಜಿ ದೊಡ್ಡದೇನಲ್ಲ. ಏನು ಮಾಡಬೇಕೆಂದಿದ್ದೀರಿ, ಎಷ್ಟು ಮಕ್ಕಳಿಗೆ ಮುಟ್ಟುತ್ತದೆ, ಪಠ್ಯಕ್ರಮದ ಯಾವ ಭಾಗಕ್ಕೆ ಸಂಬಂಧಿಸಿದ್ದು, ಏನೇನಕ್ಕೆ ಎಷ್ಟೆಷ್ಟು ಖರ್ಚು, ಫಲಿಸಿತೋ ಇಲ್ಲವೋ ಹೇಗೆ ತಿಳಿಯುತ್ತೀರಿ, ಇಷ್ಟಕ್ಕೆ ಉತ್ತರ ಬರೆಯಬೇಕು. ಮುಖ್ಯೋಪಾಧ್ಯಾಯರ ಒಪ್ಪಿಗೆ ಬೇಕು. ಆಮೇಲೆ ಊರಿನದೇ ಒಂದು ಸಮಿತಿ ಓದುತ್ತದೆ. ನಿವೃತ್ತ ಶಿಕ್ಷಕಿ, ಬ್ಯಾಂಕಿನ ಅಧಿಕಾರಿ, ಹಾರ್ಡ್‌ವೇರ್ ಅಂಗಡಿಯವರು, ಒಬ್ಬಿಬ್ಬರು ಪೋಷಕರು ಅದರಲ್ಲಿರುತ್ತಾರೆ. ಎಷ್ಟೋ ಕಡೆ ಅರ್ಜಿಯಿಂದ ಶಿಕ್ಷಕರ ಹೆಸರನ್ನೂ ಶಾಲೆಯ ಹೆಸರನ್ನೂ ಅಳಿಸಿಯೇ ಓದಲು ಕೊಡುತ್ತಾರೆ. ನಮ್ಮವರು ನಿಮ್ಮವರು ಎನ್ನುವ ರಾಗಕ್ಕೆ ಜಾಗ ಕಡಿಮೆ. ಆಯ್ಕೆಯಾದವರ ತರಗತಿಗೆ ಒಂದು ದಿನ ಸಮಿತಿಯವರು ಬಲೂನು, ಬಾಗಿಲಗಲದ ರಟ್ಟಿನ ಚೆಕ್ಕು ಹಿಡಿದು ದಿಢೀರನೆ ನುಗ್ಗುತ್ತಾರೆ. ಮಕ್ಕಳು ಕೂಗುತ್ತಾರೆ, ಟೀಚರ್ ಕಣ್ಣೊರೆಸಿಕೊಳ್ಳುತ್ತಾರೆ, ಸ್ಥಳೀಯ ಪತ್ರಿಕೆಗೆ ಒಂದು ಫೋಟೊ. ಇದರಲ್ಲಿ ನಾಟಕ ಕೊಂಚ ಹೆಚ್ಚೇ, ಆದರೂ ಮುಂದಿನ ವರ್ಷದ ದಾನಿಗಳನ್ನು ಕರೆತರುವುದು ಆ ಫೋಟೊವೇ. ಕೊಂಡ ಸಾಮಾನು ಶಾಲೆಯ ಸ್ವತ್ತು. ಟೀಚರ್ ಬೇರೆ ಊರಿಗೆ ಹೋದರೆ ಸಾಮಾನ್ಯವಾಗಿ ಅದು ಶಾಲೆಯಲ್ಲೇ ಉಳಿಯುತ್ತದೆ. ವರ್ಷದ ಕೊನೆಗೆ ಒಂದು ಪುಟದ ವರದಿ ಕೊಡಬೇಕು.

ಊರ ಪ್ರತಿಷ್ಠಾನವಿಲ್ಲದ ಕಡೆ ಶಿಕ್ಷಕರು ಇಡೀ ದೇಶದ ಮುಂದೆ ಕೈಚಾಚುವ ದಾರಿಯೂ ಇದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಚಾರ್ಲ್ಸ್ ಬೆಸ್ಟ್ 2000ದಲ್ಲಿ ಶುರುಮಾಡಿದ ಡೋನರ್ಸ್‌ಚೂಸ್ ಜಾಲತಾಣದಲ್ಲಿ ಶಿಕ್ಷಕರು ತಮ್ಮ ಬೇಡಿಕೆಯನ್ನು ಬರೆದು ಹಾಕುತ್ತಾರೆ, ಯಾರು ಬೇಕಾದರೂ ಹತ್ತು ಡಾಲರ್ ಸೇರಿಸಬಹುದು. ಸಂಸ್ಥೆ ಟೀಚರ್ ಕೈಗೆ ನಗದು ಕೊಡುವುದಿಲ್ಲ, ತಾನೇ ಸಾಮಾನು ಕೊಂಡು ಶಾಲೆಗೆ ಕಳಿಸುತ್ತದೆ. 2018ರಲ್ಲಿ ರಿಪಲ್ ಎಂಬ ಕಂಪನಿ 2.9 ಕೋಟಿ ಡಾಲರ್ ಕೊಟ್ಟು ಅಲ್ಲಿದ್ದ ಬೇಡಿಕೆಗಳನ್ನೆಲ್ಲ ಒಂದೇ ಸಲಕ್ಕೆ ತೀರಿಸಿತು. ಆ ಜಾಗ ಖಾಲಿ ಉಳಿಯಲಿಲ್ಲ, ಹೊಸ ಅರ್ಜಿಗಳು ಬಂದವು. ಫ್ಲೋರಿಡಾದ ಕೆಲವು ಜಿಲ್ಲೆಗಳಲ್ಲಿ ಇನ್ನೊಂದು ಬಗೆ. ಅಲ್ಲಿ ಪ್ರತಿಷ್ಠಾನದವರು ನೋಟ್‌ಬುಕ್, ಬಳಪ, ಅಂಟು, ಕಾಗದ ತುಂಬಿದ ಅಂಗಡಿಯನ್ನೇ ತೆರೆದಿದ್ದಾರೆ. ಬಡಮಕ್ಕಳ ಶಾಲೆಯ ಟೀಚರ್ ಬಂದು ಬುಟ್ಟಿ ತುಂಬಿಕೊಂಡು ಕಾಸು ಕೊಡದೆ ಹೋಗಬಹುದು.

ಇಷ್ಟು ಸಣ್ಣ ದುಡ್ಡಿನಿಂದ ತರಗತಿಯಲ್ಲಿ ಏನು ಬದಲಾಗುತ್ತದೆ? ಪರೀಕ್ಷೆಯ ಅಂಕಗಳಲ್ಲಿ ಹುಡುಕಹೊರಟರೆ ಕೈಗೆ ಹೆಚ್ಚೇನೂ ಸಿಗಲಾರದು. ಪ್ರತಿ ವಿದ್ಯಾರ್ಥಿಗೆ 15 ಸಾವಿರ ಡಾಲರ್ ಹರಿಯುವ ಕಡೆ ಇಪ್ಪತ್ತು ಡಾಲರಿನ ಪರಿಣಾಮವನ್ನು ಬೇರ್ಪಡಿಸಿ ಅಳೆಯುವ ತಕ್ಕಡಿ ಎಲ್ಲಿಂದ ತರುವುದು? ಆದರೆ ಕಾವುಪೆಟ್ಟಿಗೆಯನ್ನೇ ನೋಡಿ. ಕೋಳಿಮರಿ ಹೊರಬರಲು 21 ದಿನ ಬೇಕು. ಆ ಇಪ್ಪತ್ತೊಂದು ದಿನ ಏಳು ವರ್ಷದ ಮಕ್ಕಳು ಬಿಸಿಯ ಮಟ್ಟ ನೋಡಿ ಬರೆದಿಡುತ್ತಾರೆ, ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಾರೆ, ಟಾರ್ಚು ಹಿಡಿದು ಮೊಟ್ಟೆಯೊಳಗಿನ ರಕ್ತನಾಳದ ಎಳೆ ನೋಡುತ್ತಾರೆ, ಹನ್ನೆರಡರಲ್ಲಿ ಎಂಟು ಒಡೆದರೆ ಉಳಿದ ನಾಲ್ಕಕ್ಕೆ ಏನಾಯಿತು ಎಂದು ಕೇಳುತ್ತಾರೆ. ಗಣಿತ, ವಿಜ್ಞಾನ, ಬರವಣಿಗೆ, ಸಾವಿನ ಬಗ್ಗೆ ಒಂದು ಮಾತುಕತೆ, ಎಲ್ಲವೂ ಒಂದು ಪೆಟ್ಟಿಗೆಯ ಸುತ್ತ. ಯಾವ ಪಠ್ಯಪುಸ್ತಕ ಸಮಿತಿಯೂ ಇದನ್ನು ಇಡೀ ರಾಜ್ಯಕ್ಕೆ ಕಡ್ಡಾಯ ಮಾಡಲಾರದು, ಮಾಡಲೂಬಾರದು. ಮಾಡಬೇಕೆಂದು ಒಬ್ಬ ಟೀಚರಿಗೆ ಅನ್ನಿಸಿತು, ಆಕೆಯನ್ನು ನಂಬಿ ಯಾರೋ ದುಡ್ಡು ಕೊಟ್ಟರು.

ನನ್ನ ಮಟ್ಟಿಗೆ ಈ ಏರ್ಪಾಟಿನ ಬೆಲೆ ಇರುವುದು ಆ ನಂಬಿಕೆಯಲ್ಲಿ. ಎಲ್ಲೆಡೆಯೂ ಶಾಲಾ ಇಲಾಖೆಗಳು ಮೇಲಿನಿಂದ ಕೆಳಕ್ಕೆ ಕೊಡುತ್ತವೆ. ಒಂದೇ ಬಗೆಯ ಟ್ಯಾಬ್ಲೆಟ್ಟು, ಒಂದೇ ಬಗೆಯ ತರಬೇತಿ, ಬೇಕಿದ್ದರೂ ಬೇಡದಿದ್ದರೂ. ಕಿರು ಅನುದಾನ ಮಾತ್ರ ಕೆಳಗಿನಿಂದ ಹುಟ್ಟುತ್ತದೆ. ನಿಮ್ಮ ತರಗತಿಗೆ ಏನು ಬೇಕು ಎಂದು ಶಿಕ್ಷಕರನ್ನು ಕೇಳುವ ಏಕೈಕ ಕಾಗದ ಎಷ್ಟೋ ಸಲ ಈ ಅರ್ಜಿಯೇ. ಅದನ್ನು ತುಂಬಲು ಕೂತಾಗಲೇ ಪಾಠವನ್ನು ಹೊಸದಾಗಿ ಯೋಚಿಸಬೇಕಾಗುತ್ತದೆ; ದುಡ್ಡು ಬರದಿದ್ದರೂ ಆ ಯೋಚನೆ ಎಲ್ಲಿಗೂ ಹೋಗುವುದಿಲ್ಲ. ಹಾಗೆಂದು ಎಲ್ಲ ಅರ್ಜಿಯೂ ಚಿನ್ನವಲ್ಲ. ಪಕ್ಕದ ಶಾಲೆಯಲ್ಲಿದೆಯೆಂದು ತ್ರೀಡಿ ಪ್ರಿಂಟರ್ ಕೇಳಿ ತರಿಸಿಕೊಂಡು, ಎರಡು ಕೀಚೈನ್ ಮಾಡಿ, ದೂಳು ಹಿಡಿಸಿದವರೂ ಇರುತ್ತಾರೆ. ಒಂದು ಕಂತಿನ ದುಡ್ಡಿನ ದೊಡ್ಡ ತೊಂದರೆಯೂ ಇದೇ. ಯಂತ್ರ ಕೊಳ್ಳಬಹುದು, ಮುಂದಿನ ವರ್ಷದ ಸಾಮಗ್ರಿಗೆ, ದುರಸ್ತಿಗೆ ಯಾರನ್ನು ಕೇಳುವುದು? ಪುಸ್ತಕಕ್ಕೂ ಬಸ್ಸಿನ ಬಾಡಿಗೆಗೂ ಈ ಕಾಟವಿಲ್ಲ. ಅನುಭವಸ್ಥ ಸಮಿತಿಗಳು ಹೊಳೆಯುವ ಯಂತ್ರಕ್ಕಿಂತ ಪುಸ್ತಕದ ಪೆಟ್ಟಿಗೆಗೆ ಮನಸೋಲುವುದರಲ್ಲಿ ಅರ್ಥವಿದೆ.

ಈಗ ಕಹಿ ಭಾಗ. ಬಡವರಿಗೂ ಸಿರಿವಂತರಿಗೂ ಸಮನಾಗಲೆಂದು ಕೋರ್ಟು ತೆರಿಗೆಯನ್ನು ಹಂಚಿತು, ಪ್ರತಿಷ್ಠಾನಗಳು ಅದೇ ಅಂತರವನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಬಿಟ್ಟವು ಎನ್ನುವ ಆರೋಪವಿದೆ. ಸ್ಟ್ಯಾನ್‌ಫರ್ಡಿನ ರಾಜ್ಯಶಾಸ್ತ್ರದ ಪ್ರಾಧ್ಯಾಪಕ ರಾಬ್ ರೈಶ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಲೇಖನದಲ್ಲಿ ಕ್ಯಾಲಿಫೋರ್ನಿಯಾದ ಹಿಲ್ಸ್‌ಬರೊ ಎಂಬ ಶ್ರೀಮಂತ ಊರಿನ ಉದಾಹರಣೆ ಕೊಟ್ಟರು. ಅಲ್ಲಿನ ಪ್ರತಿಷ್ಠಾನ ಪೋಷಕರಿಂದ ಮಗುವೊಂದಕ್ಕೆ 2,300 ಡಾಲರ್ ಕೊಡುಗೆ ಕೇಳುತ್ತಿತ್ತು. ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ. ಅಂದರೆ ಸಿರಿವಂತರ ಶಾಲೆಯನ್ನು ಇನ್ನಷ್ಟು ಸಿರಿವಂತ ಮಾಡುವುದಕ್ಕೆ ಇಡೀ ದೇಶದ ಬೊಕ್ಕಸವೇ ಪಾಲು ಕೊಟ್ಟಂತೆ, ಇದನ್ನು ದಾನ ಎಂದು ಕರೆಯಬೇಕೆ ಎಂದು ಅವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಈ ಅಂತರವನ್ನು ತಗ್ಗಿಸಲು ಹೊರಟವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಸ್ಯಾಂಟಾ ಮೋನಿಕಾ ಮತ್ತು ಮಾಲಿಬು ಒಂದೇ ಶಾಲಾ ಜಿಲ್ಲೆಗೆ ಸೇರಿದ ಎರಡು ಊರುಗಳು. ಮಾಲಿಬುವಿನ ಕಡಲ ದಂಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಪೋಷಕರ ದೇಣಿಗೆ ಮಗುವಿಗೆ ಎರಡು ಸಾವಿರ ಡಾಲರ್ ದಾಟುತ್ತಿತ್ತು. ಅದೇ ಜಿಲ್ಲೆಯ, ಬಡಮಕ್ಕಳು ಹೆಚ್ಚಿರುವ ಇನ್ನೊಂದು ಶಾಲೆಯಲ್ಲಿ ನೂರೂ ಮುಟ್ಟುತ್ತಿರಲಿಲ್ಲ. 2011ರಲ್ಲಿ ಮಂಡಳಿ ಒಂದು ಗಟ್ಟಿ ತೀರ್ಮಾನ ಮಾಡಿತು. ಇನ್ನು ಮೇಲೆ ಸಿಬ್ಬಂದಿಯ ಸಂಬಳಕ್ಕೆ ಬೇಕಾದ ದೇಣಿಗೆಯನ್ನು ಆಯಾ ಶಾಲೆಯ ಪೋಷಕರು ಎತ್ತುವಂತಿಲ್ಲ. ಇಡೀ ಜಿಲ್ಲೆಗೆ ಒಂದೇ ಪ್ರತಿಷ್ಠಾನ, ಹುಂಡಿಗೆ ಬಿದ್ದದ್ದು ಎಲ್ಲ ಶಾಲೆಗೂ. ಮಾಲಿಬುವಿನ ಪೋಷಕರು ಸಿಟ್ಟಾದರು. ನಮ್ಮ ದುಡ್ಡು ನಮ್ಮ ಮಕ್ಕಳಿಗೇ ಕಾಣದಿದ್ದರೆ ಏಕೆ ಕೊಡಬೇಕು ಎಂದರು. ತಮ್ಮದೇ ಬೇರೆ ಶಾಲಾ ಜಿಲ್ಲೆ ಬೇಕೆಂಬ ಅವರ ಹಳೆಯ ಬೇಡಿಕೆಗೆ ಇದರಿಂದ ಇನ್ನಷ್ಟು ಕಾವೇರಿತು. ಓರೆಗನ್ನಿನ ಪೋರ್ಟ್‌ಲೆಂಡಿನವರು ನಡುದಾರಿ ಹಿಡಿದಿದ್ದರು. ಒಂದು ಶಾಲೆ ಕೂಡಿಸಿದ ಮೊದಲ ಹತ್ತು ಸಾವಿರ ಡಾಲರ್ ಅದರದೇ, ಅದಕ್ಕಿಂತ ಮೇಲೆ ಬಂದುದರಲ್ಲಿ ಮೂರನೇ ಒಂದು ಪಾಲು ಸಾಮಾನ್ಯ ನಿಧಿಗೆ. ಅದಕ್ಕೂ ಗೊಣಗಿದವರಿದ್ದರು.

ಈ ಜಗಳಗಳಲ್ಲಿ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ದೇಣಿಗೆ ಊಟಕ್ಕೆ ಉಪ್ಪಿನಕಾಯಿಯಂತೆ ಇರುವವರೆಗೆ ಯಾರಿಗೂ ತಕರಾರಿಲ್ಲ. ಅದು ಅನ್ನವೇ ಆದಾಗ, ಎಂದರೆ ಶಿಕ್ಷಕರ ಸಂಬಳವೂ ಗ್ರಂಥಪಾಲಕರ ಹುದ್ದೆಯೂ ಪೋಷಕರ ಚೆಕ್ಕಿನ ಮೇಲೆ ನಿಂತಾಗ, ಯಾರ ತಟ್ಟೆಯಲ್ಲಿ ಎಷ್ಟು ಎಂಬ ಪ್ರಶ್ನೆ ಏಳುತ್ತದೆ. ಸರ್ಕಾರಕ್ಕೂ ಒಂದು ನೆಪ ಸಿಗುತ್ತದೆ, ಹೇಗೂ ಅವರು ಕೊಡುತ್ತಾರಲ್ಲ ಎಂದು.

ಕನ್ನಡಿಗರಿಗೂ ಇದು ದೂರದ ಸಂಗತಿಯೇನಲ್ಲ. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ, ಫ್ರೀಮಾಂಟ್, ಪಾಲೊ ಆಲ್ಟೊಗಳಲ್ಲಿ ನೆಲೆಸಿದ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಂಜಿನಿಯರ್‌ಗಳ ಮನೆಗೆ ಪ್ರತಿ ವರ್ಷ ಪ್ರತಿಷ್ಠಾನದ ಪತ್ರ ಬರುತ್ತದೆ. ಇಷ್ಟು ಮಕ್ಕಳು, ಮಗುವಿಗೆ ಇಷ್ಟು ಕೊಡುಗೆ ಕೊಟ್ಟರೆ ಸಂತೋಷ ಎಂದು. ಪಾಲೊ ಆಲ್ಟೊದಲ್ಲಿ ಹೀಗೆ ಬಂದ ಹಣವನ್ನು ಒಟ್ಟುಗೂಡಿಸಿ ಊರಿನ ಎಲ್ಲ ಸರ್ಕಾರಿ ಶಾಲೆಗಳಿಗೂ ಹಂಚುತ್ತಾರೆ. ಅಲ್ಲಿನ ತಂತ್ರಜ್ಞಾನ ಕಂಪನಿಗಳಲ್ಲಿ ಹಲವು, ನೌಕರ ಕೊಟ್ಟಷ್ಟೇ ಮೊತ್ತವನ್ನು ತಾವೂ ಸೇರಿಸುತ್ತವೆ. ಊರಿನಲ್ಲಿದ್ದಾಗ ಸರ್ಕಾರಿ ಶಾಲೆಯ ಗೇಟಿನ ಹತ್ತಿರವೂ ಸುಳಿಯದ ನಾವು, ಅಲ್ಲಿ ಒಂದು ಸರ್ಕಾರಿ ಶಾಲೆಯ ವ್ಯಾಪ್ತಿಗೆ ಬರಲೆಂದು ಕೋಟಿಗಟ್ಟಲೆ ಸಾಲ ಮಾಡಿ ಮನೆ ಕೊಳ್ಳುತ್ತೇವೆ, ಮೇಲೆ ಚೆಕ್ಕನ್ನೂ ಬರೆಯುತ್ತೇವೆ.

ನಮ್ಮಲ್ಲಿ ದಾನಿಗಳಿಗೆ ಬರವಿಲ್ಲ. ಕರ್ನಾಟಕದ ಎಷ್ಟೋ ಸರ್ಕಾರಿ ಶಾಲೆಗಳು ನಿಂತಿರುವುದೇ ಊರಿನ ಗೌಡರೋ ಶಾನುಭೋಗರೋ ವರ್ತಕರೋ ಬಿಟ್ಟುಕೊಟ್ಟ ಜಾಗದ ಮೇಲೆ. 2001ರಲ್ಲಿ ಸರ್ಕಾರದ ಆದೇಶದಿಂದ ಬಂದ ಎಸ್‌ಡಿಎಂಸಿಗಳು, ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಪೋಷಕರನ್ನು ಶಾಲೆಯ ಒಳಗೆ ತಂದವು. ಹಳೆ ವಿದ್ಯಾರ್ಥಿಗಳ ಸಂಘಗಳು ಹೆಚ್ಚುತ್ತಿವೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕಾಗಿ ಬಂದ ಮೇಲೆ ಶಾಲೆಗಳಿಗೆ ಬರುವ ಹಣವೂ ಹೆಚ್ಚಿದೆ. ಅಜೀಂ ಪ್ರೇಮ್‌ಜಿ ಫೌಂಡೇಷನ್ 2024ರಲ್ಲಿ ರಾಜ್ಯ ಸರ್ಕಾರದ ಜತೆ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡು, ಶಾಲೆಯ ಬಿಸಿಯೂಟದಲ್ಲಿ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಿತು. ಹಸಿದ ಮಗುವಿಗೆ ಅದಕ್ಕಿಂತ ದೊಡ್ಡ ಪಾಠೋಪಕರಣವಿಲ್ಲ.

ಆದರೆ ಊರಿನ ದಾನಿಗಳ ಹಣ ಹೆಚ್ಚಾಗಿ ಹೋಗುವುದು ಎಲ್ಲಿಗೆ? ಬಣ್ಣಕ್ಕೆ, ಟೈಲ್ಸಿಗೆ, ಕಾಂಪೌಂಡಿಗೆ, ಬೆಂಚಿಗೆ, ರಂಗಮಂಟಪಕ್ಕೆ. ಬೇಕಾದವೇ, ಇಲ್ಲವೆನ್ನುವುದಿಲ್ಲ, ಮಳೆಗೆ ಸೋರುವ ಕೋಣೆಯಲ್ಲಿ ಯಾವ ಪ್ರಯೋಗವೂ ನಡೆಯದು. ಆದರೂ ಗಮನಿಸಿ, ಇವೆಲ್ಲ ಹೆಸರು ಬರೆಯಲು ಜಾಗವಿರುವ ವಸ್ತುಗಳು. ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರು ಬರೆಸಿ, ಅದು ತಿರುಗಿದಾಗ ಯಾರೂ ಓದಲಾಗದ್ದನ್ನು ನಾವೆಲ್ಲ ನೋಡಿದ್ದೇವೆ. ಐದನೇ ತರಗತಿಯ ಮಕ್ಕಳು ಹಳ್ಳದ ನೀರನ್ನು ಸೋಸಿ ನೋಡಿದ ಪಾಠದ ಮೇಲೆ ಹೆಸರು ಬರೆಸುವುದು ಹೇಗೆ? ದಾನಿ ಕೊಡಲು ಬಂದಾಗ ಮುಖ್ಯೋಪಾಧ್ಯಾಯರನ್ನು ಕೇಳುತ್ತಾನೆ, ಎಸ್‌ಡಿಎಂಸಿ ಅಧ್ಯಕ್ಷರನ್ನು ಕೇಳುತ್ತಾನೆ. ಮೂರನೇ ತರಗತಿಯ ಟೀಚರನ್ನು ಕೇಳುವುದು ಅಪರೂಪ.

ಕೇಳಿದ ಕಾಲವೊಂದಿತ್ತು. ಸರ್ವ ಶಿಕ್ಷಾ ಅಭಿಯಾನದ ದಿನಗಳಲ್ಲಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಕಲಿಕೋಪಕರಣಗಳಿಗೆಂದು ಬರುತ್ತಿತ್ತು. ಅದರಲ್ಲಿ ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು, ಥರ್ಮಾಕೋಲ್ ತಂದು ಮಿಂಚುಪಟ್ಟಿ ಮಾಡಿದವರಿದ್ದರು. ಚಾರ್ಟು ಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿ, ತಪಾಸಣೆಯ ದಿನ ಮಾತ್ರ ಗೋಡೆಗೆ ತೂಗಿದವರೂ ಇದ್ದರು. ಮೊತ್ತ ಚಿಕ್ಕದು, ಬೆಲೆ ಏರಿದರೂ ಅದು ಏರಲಿಲ್ಲ, ರಸೀತಿ ಜೋಡಿಸುವ ಕಾಟ ಬೇರೆ. ಆದರೂ ಅದು ಶಿಕ್ಷಕರ ಹೆಸರಿನಲ್ಲಿ ಬಂದ ಹಣ. 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂದ ಮೇಲೆ ಶಾಲೆಯ ಕೈಗೆ ಮುಖ್ಯವಾಗಿ ಬರುವುದು ಮಕ್ಕಳ ಸಂಖ್ಯೆಗೆ ತಕ್ಕಂತೆ ಸಿಗುವ ಸಂಯುಕ್ತ ಅನುದಾನ. ಮೂವತ್ತಕ್ಕಿಂತ ಹೆಚ್ಚು, ನೂರರೊಳಗೆ ಮಕ್ಕಳಿದ್ದರೆ ವರ್ಷಕ್ಕೆ 25 ಸಾವಿರ ರೂಪಾಯಿ. ಅದರಲ್ಲೇ ಕರೆಂಟು ಬಿಲ್ಲು, ನಲ್ಲಿ ರಿಪೇರಿ, ಸೀಮೆಸುಣ್ಣ, ಜತೆಗೆ ಕನಿಷ್ಠ ಶೇ 10 ಸ್ವಚ್ಛತೆಗೆ. ಟೀಚರ್ ಮನಸ್ಸಿನಲ್ಲಿರುವ ಪಾಠಕ್ಕೆ ಅಲ್ಲಿ ಎಷ್ಟು ಉಳಿದೀತು?

ಶಿಕ್ಷಕರ ಕೈಗೆ ಕೊಂಚ ಹಣ, ಕೊಂಚ ಬಿಡುವು, ಕೊಂಚ ಸ್ವಾತಂತ್ರ್ಯ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಾವು ಅಮೆರಿಕದತ್ತ ನೋಡಬೇಕಾಗಿಯೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡರು. ಮರಳಿ ಬಂದು ಯುನಿಸೆಫ್ ನೆರವಿನಲ್ಲಿ ತಾವೇ ಕೂತು ಕನ್ನಡದ ಕಾರ್ಡುಗಳನ್ನು ಮಾಡಿದರು, ಕಲಿಕೆಯ ಮೆಟ್ಟಿಲು ಜೋಡಿಸಿದರು, ತಮ್ಮ ತಮ್ಮ ಶಾಲೆಗಳಲ್ಲಿ ಹಚ್ಚಿ ನೋಡಿದರು. ಅದೇ ನಲಿ-ಕಲಿ. ಮುಂದೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಹಬ್ಬಿದ ಮೇಲೆ ಮೇಲಿನಿಂದ ಇಳಿದ ಕಾರ್ಯಕ್ರಮವಾಗಿ ಅದರ ಕಳೆ ಎಷ್ಟು ಉಳಿಯಿತು ಎಂಬುದು ಬೇರೆ ಚರ್ಚೆ. ಹುಟ್ಟಿದ್ದಂತೂ ಟೀಚರುಗಳ ಕೈಯಲ್ಲಿ.

ಹಾಗಾಗಿ ಊರ ಶಾಲೆಗೆ ಏನಾದರೂ ಮಾಡಬೇಕೆಂದಿರುವ ಹಳೆ ವಿದ್ಯಾರ್ಥಿ ಸಂಘಗಳಿಗೆ, ವಿದೇಶದ ಕನ್ನಡ ಕೂಟಗಳಿಗೆ ಒಂದು ಸಲಹೆ. ಕೂಡಿದ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ಸುಣ್ಣಬಣ್ಣದಿಂದ ತಪ್ಪಿಸಿ ಬೇರೆ ಇಡಿ. ಒಂದು ಶಾಲೆಗಲ್ಲ, ಒಂದು ಕ್ಲಸ್ಟರಿನ ಎಲ್ಲ ಶಾಲೆಗಳಿಗೆ. ಇಲ್ಲದಿದ್ದರೆ ಹಳೆ ವಿದ್ಯಾರ್ಥಿಗಳು ದುಬೈಯಲ್ಲಿರುವ ಶಾಲೆಗೆ ಸಿಕ್ಕಿ, ಗಾರೆ ಕೆಲಸದಲ್ಲಿರುವ ಶಾಲೆಗೆ ಸಿಗದಂತಾದೀತು. ಅರ್ಜಿ ಒಂದೇ ಪುಟದ್ದಿರಲಿ, ಕನ್ನಡದಲ್ಲಿರಲಿ, ಕೈಬರಹವೂ ನಡೆಯಲಿ. ಐದು ಸಾವಿರದಿಂದ ಹದಿನೈದು ಸಾವಿರ ರೂಪಾಯಿಯ ತನಕ ಕೇಳಬಹುದೆನ್ನಿ. ಮುಖ್ಯ ಶಿಕ್ಷಕರ ಸಹಿ, ಎಸ್‌ಡಿಎಂಸಿಯ ಗಮನಕ್ಕೆ ಒಂದು ಪ್ರತಿ. ಓದುವ ಸಮಿತಿಯಲ್ಲಿ ಕಡೇಪಕ್ಷ ಇಬ್ಬರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರಿರಲಿ. ಅರ್ಜಿಯ ಜೊಳ್ಳು ಗಟ್ಟಿ ಅವರಿಗೆ ಗೊತ್ತಾದಷ್ಟು ಸಾಫ್ಟ್‌ವೇರಿನವರಿಗೆ ಗೊತ್ತಾಗದು. ಶಾಲೆಯ ಹೆಸರು ಮುಚ್ಚಿ ಓದಲಿ. ಹಣ ಜೂನ್ ತಿಂಗಳಲ್ಲೇ ಮುಟ್ಟಲಿ. ಫೆಬ್ರುವರಿಯಲ್ಲಿ ಮುಟ್ಟಿದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಅದು ಚಾರ್ಟಾಗಿ ಬೀರು ಸೇರುತ್ತದೆ. ವರದಿಯೆಂದು ಮಕ್ಕಳೇ ಬರೆದ ಎರಡು ಕಾಗದ ಕೇಳಿದರೆ ಸಾಕು.